ತೋಟೆಯ ಕವಚವನ್ನು ಮರಳಿ ಅಳತೆಗೆ ತರುವಿಕೆ

ರೈಫಲಿನಿಂದ ಒಮ್ಮೆ ಈಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕವಚವನ್ನು, ಅದು ಸ್ಫೋಟದ ಒತ್ತಡದಲ್ಲಿ ಪಡೆದ ಉಬ್ಬನ್ನು ಕಳೆದು, ಪುನಃ ಮದ್ದಿಗೆ ಕಿಡಿ ಹೊತ್ತಿಸುವ ಕೇಪು, ಮದ್ದು, ಗುಂಡುಗಳನ್ನು ಧರಿಸಲು ಯೋಗ್ಯವಾಗುವಂತೆ ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ಹೊಂದಿಸುವ ಕ್ರಿಯೆ. ತೋಟೆಯನ್ನು ಕನ್ನಡದಲ್ಲಿ ತೋಟಾ ಎಂದೂ ಕಾಡತೂಸು ಎಂದೂ ಕರೆಯುವುದುಂಟು. ನಳಿಗೆಯ ಬಾಯಿಯಿಂದ ಮದ್ದು ಜಡಿದು ತುಂಬುವ ಹಳೆಯ ಕೇಪಿನ ಕೋವಿಗೂ, ಹಿಂಬದಿಯನ್ನು ತೆರೆದು ಸಿದ್ಧವಾದ ತೋಟೆಯನ್ನು ಇಡುವ ತೋಟೆ ಕೋವಿಗೂ ಮಲೆನಾಡಿನ ಮತ್ತು ಕರಾವಳಿಯ ಕೃಷಿಕರು ಮಾಡುವ ಭೇದವು, ಆಯುಧವಿದ್ಯೆಯ ಇತಿಹಾಸದ ಬಹುಮುಖ್ಯವಾದ ಒಂದು ಸಂಧಿಯನ್ನೇ ಎರಡು ಮಾತಿನಲ್ಲಿ ಹಿಡಿದಿಟ್ಟಿದೆ. ಕವಚವೆಂಬ ವಸ್ತುವು ಹುಟ್ಟಿದುದು ಆ ಸಂಧಿಯಲ್ಲಿ. ಅದನ್ನು ಮತ್ತೆ ಬಳಸಬಹುದೆಂಬ ಯೋಚನೆಯೂ ಅದರ ಬೆನ್ನಲ್ಲೇ ಹುಟ್ಟಿತು.

1837ರ ಏಪ್ರಿಲಿನಲ್ಲಿ ಅಮರ ಸುಳ್ಯದ ರೈತರು ದಂಡು ಕಟ್ಟಿಕೊಂಡು ಮಂಗಳೂರಿನವರೆಗೆ ನಡೆದುಬಂದು ಬಾವುಟಗುಡ್ಡದಲ್ಲಿ ತಮ್ಮ ಧ್ವಜವನ್ನೇರಿಸಿದ ಕಾಲದಲ್ಲಿ, ಕೋವಿಯೆಂದರೆ ಬಾಯಿಯಿಂದ ತುಂಬುವ ಕೋವಿಯೇ ಆಗಿತ್ತು. ಇಪ್ಪತ್ತು ವರ್ಷಗಳ ಅನಂತರ, 1857ರಲ್ಲಿ, ಸಿಪಾಯಿಗಳ ಕ್ಷೋಭೆಗೆ ನಿಮಿತ್ತವಾದ ಕೊಬ್ಬು ಸವರಿದ ತೋಟೆಯು ಕಾಗದದ್ದು. ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿದ ಮೇಲೆ ಅದರ ಕವಚದಲ್ಲಿ ಉಳಿಸಿಕೊಳ್ಳತಕ್ಕದ್ದು ಏನೂ ಇರಲಿಲ್ಲ. 1866ರ ಸುಮಾರಿಗೆ ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರದ ಎಡ್ವರ್ಡ್ ಬಾಕ್ಸರ್ ಎಂಬ ಸೇನಾಧಿಕಾರಿಯು ತೆಳ್ಳನೆಯ ಹಿತ್ತಾಳೆಯ ಹಾಳೆಯನ್ನು ಸುತ್ತಿ ಲೋಹದ ತೋಟೆಯನ್ನು ರೂಪಿಸಿದನು. ಅದೇ ಕಾಲಕ್ಕೆ ಅಮೆರಿಕದ ಹಿರಾಮ್ ಬರ್ಡನ್ ಇನ್ನೊಂದು ಬಗೆಯನ್ನು ಕಂಡುಹಿಡಿದನು. ಬಾಕ್ಸರನ ಕ್ರಮದಲ್ಲಿ ಕೇಪಿನ ಹಿಂದೆ ಬೆಂಕಿ ಹಾಯುವ ರಂಧ್ರವು ನಟ್ಟನಡುವೆ ಒಂದೇ ಇರುತ್ತದೆ. ಬರ್ಡನನ ಕ್ರಮದಲ್ಲಿ ಪಕ್ಕಕ್ಕೆ ಸಾಮಾನ್ಯವಾಗಿ ಎರಡು ಸಣ್ಣ ರಂಧ್ರಗಳಿರುತ್ತವೆ. ಈ ಅಲ್ಪಭೇದದ ಫಲವು ದೊಡ್ಡದು: ಮೊದಲಿನದರ ಸುಟ್ಟ ಕೇಪನ್ನು ಒಳಗಿನಿಂದ ಒಂದು ಸೂಜಿಯನ್ನು ನೇರವಾಗಿ ತೂರಿ ಹೊರದಬ್ಬಬಹುದು, ಎರಡನೆಯದರಲ್ಲಿ ಅದು ಸಾಧ್ಯವಿಲ್ಲ. ಕವಚವನ್ನು ಮತ್ತೆ ಬಳಸುವ ಪದ್ಧತಿಯು ಅಮೆರಿಕದಲ್ಲಿ ಮನೆಮನೆಯ ಹವ್ಯಾಸವಾಗಿ ಬೆಳೆದುದಕ್ಕೆ ಅಲ್ಲಿ ಆಂಗ್ಲನಾದ ಬಾಕ್ಸರನ ಕೇಪು ನೆಲೆಗೊಂಡುದು ಒಂದು ಮುಖ್ಯ ಕಾರಣ. ಇನ್ನು ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ.ಯ ಶಿಬಿರದಲ್ಲಿ .22 ರೈಫಲನ್ನು ಹಾರಿಸಿ, ಹೊರಬಿದ್ದ ಪುಟ್ಟ ಕವಚವನ್ನು ಹುಲ್ಲಿನಲ್ಲಿ ಹುಡುಕಿ ಎಣಿಸಿ ಒಪ್ಪಿಸಿದ ವಾಚಕರು ಅನೇಕರಿರಬಹುದು. ಆ ಕವಚವು ಮರುಬಳಕೆಗೆ ಬಾರದು. ಅದರಲ್ಲಿ ಬೇರೆ ಕೇಪೆಂಬುದೇ ಇಲ್ಲದೆ, ಸಿಡಿಮಿಶ್ರಣವು ಬುಡದ ಅಂಚಿನ ಮಡಿಕೆಯೊಳಗೇ ಅಡಗಿರುತ್ತದೆ.

ರೈಫಲಿನ ತೋಟೆಯ ಕವಚವನ್ನು ಕೈಯಲ್ಲಿ ಹಿಡಿದು ನೋಡಿದರೆ ನಮ್ಮ ಹಿತ್ತಾಳೆಯ ಪಾತ್ರೆಗಳಿಗೆ ಸಲ್ಲುವ ಹೆಸರುಗಳೇ ಇದಕ್ಕೂ ಸಲ್ಲುತ್ತವೆ ಎಂಬುದು ಗೋಚರವಾಗುತ್ತದೆ. ಬುಡ, ಒಡಲು, ಹೆಗಲು, ಕತ್ತು, ಬಾಯಿ ಎಂಬ ಐದು ಅವಯವಗಳುಳ್ಳ ಈ ಪಾತ್ರೆಯು ಶೇಕಡಾ 70 ತಾಮ್ರ, ಶೇಕಡಾ 30 ಸತುವು ಬೆರೆತ ಹಿತ್ತಾಳೆಯ ಒಂದು ಬಿಲ್ಲೆಯಿಂದ ಆಗುತ್ತದೆ. ಬಿಲ್ಲೆಯನ್ನು ಮೊದಲು ಬಟ್ಟಲಿನಂತೆ ಒತ್ತಿ, ಆ ಬಟ್ಟಲನ್ನು ಹಲವು ಸಲ ಅಚ್ಚುಗಳ ಮೂಲಕ ಎಳೆದು ಉದ್ದಮಾಡಿ, ನಡುನಡುವೆ ಕಾಯಿಸಿ ಮೃದುಗೊಳಿಸಿ, ಕೊನೆಗೆ ಹೆಗಲನ್ನೂ ಕತ್ತನ್ನೂ ಕಿರಿದುಗೊಳಿಸುತ್ತಾರೆ. ಭಾರತದಲ್ಲಿ ಈ ಕೆಲಸಕ್ಕೆ ಹಳೆಯ ಹೆಸರು ಪುಣೆಯ ಬಳಿಯ ಖಡಕಿಯ ಮದ್ದುಗುಂಡು ಕಾರ್ಖಾನೆಯದು. ಅದು 1869ರಲ್ಲಿ ಸ್ಥಾಪಿತವಾಯಿತು. ಮಹಾರಾಷ್ಟ್ರದ ವರಣಗಾಂವದ ಕಾರ್ಖಾನೆಯು ಈಚಿನದು. 2021ರಿಂದ ಇವೆರಡೂ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಅಂಗಗಳಾಗಿವೆ. ಕವಚದ ನಿರ್ಮಾಣದಲ್ಲಿ ಅತಿ ಸೂಕ್ಷ್ಮವಾದ ಸಂಗತಿಯೆಂದರೆ ಒಂದೇ ಲೋಹದ ಒಂದೇ ವಸ್ತುವಿನಲ್ಲಿ ಹದವು ಬೇರೆಬೇರೆಯಾಗಿರಬೇಕಾದುದು: ಬುಡವು ಗಡಸಾಗಿಯೂ ದಪ್ಪವಾಗಿಯೂ ಇರಬೇಕು, ಕತ್ತು ಮೃದುವಾಗಿಯೂ ತೆಳ್ಳಗೂ ಇರಬೇಕು. ಸೈನ್ಯದ ತೋಟೆಗಳ ಕತ್ತಿನ ಸುತ್ತ ಕಾಣುವ ನೀಲಿಗಂದು ಬಣ್ಣವು ಮಾಸಿದ ಕಲೆಯಲ್ಲ, ಹದಗಾಯಿಸಿದುದರ ಗುರುತು.

ಈಡಿನ ಕ್ಷಣದಲ್ಲಿ ನಡೆಯುವುದಿಷ್ಟು. ಮೋಟಾರು ಕಾರಿನ ಚಕ್ರದಲ್ಲಿ ಗಾಳಿಯ ಒತ್ತಡವು ಚದರ ಅಂಗುಲಕ್ಕೆ ಸುಮಾರು 30 ಪೌಂಡು ಇರುವಲ್ಲಿ, .30-06 ಎಂಬ ಪ್ರಸಿದ್ಧ ರೈಫಲಿನ ತೋಟೆಯಲ್ಲಿ ಅದು 60,000 ಪೌಂಡಿನವರೆಗೆ ಏರಲು ಅವಕಾಶವುಂಟು. ಅಂದರೆ ಎರಡು ಸಾವಿರ ಪಟ್ಟು. ಈ ಒತ್ತಡವು ಕವಚದ ತೆಳುಗೋಡೆಯನ್ನು ನಳಿಗೆಯ ಹಿಂತುದಿಯಲ್ಲಿ ತೋಟೆ ಕೂಡುವ ಗೂಡಾದ ಚೇಂಬರಿನ ಉಕ್ಕಿಗೆ ತಾಗಿಸಿ ಅದುಮುತ್ತದೆ. ಹೀಗೆ ಅದುಮಿದುದರಿಂದಲೇ ಬಿಸಿಯ ಅನಿಲವು ಹಿಂದಕ್ಕೆ, ಹಾರಿಸುವವನ ಮುಖದ ಕಡೆಗೆ, ನುಗ್ಗದೆ ಗುಂಡನ್ನು ಮಾತ್ರ ಮುಂದಕ್ಕೆ ದೂಡುತ್ತದೆ. ಆದುದರಿಂದ ಕವಚವು ಬರಿಯ ಡಬ್ಬಿಯಲ್ಲ, ಕೋವಿಯ ಬಾಗಿಲಿನ ಬಿಗಿತವೇ ಅದು. ಒತ್ತಡವು ಇಳಿದೊಡನೆ ಹಿತ್ತಾಳೆಯು ತನ್ನ ಸ್ಥಿತಿಸ್ಥಾಪಕ ಗುಣದಿಂದ ಕೊಂಚ ಹಿಂದೆ ಸರಿಯುತ್ತದೆ, ಹಾಗೆ ಸರಿದುದರಿಂದಲೇ ಅದನ್ನು ಚೇಂಬರಿನಿಂದ ಎಳೆದು ತೆಗೆಯಲು ಬರುತ್ತದೆ. ಆದರೆ ಪೂರ್ತಿಯಾಗಿ ಮೊದಲಿನ ಗಾತ್ರಕ್ಕೆ ಮರಳಲಾರದು. ಹಾರಿದ ಕವಚವು ಹೊಸದಕ್ಕಿಂತ ಅಂಗುಲದ ಸಾವಿರದ ಕೆಲವು ಭಾಗಗಳಷ್ಟು ದಪ್ಪನಾಗಿರುತ್ತದೆ, ಹೆಗಲು ಮುಂದೆ ಸರಿದಿರುತ್ತದೆ, ಕತ್ತು ಅಗಲವಾಗಿ ಗುಂಡನ್ನು ಹಿಡಿಯದಷ್ಟು ಸಡಿಲವಾಗಿರುತ್ತದೆ. ಈ ಮೂರು ವ್ಯತ್ಯಾಸಗಳನ್ನು ಕಳೆಯುವುದೇ ಪ್ರಕೃತ ವಿಷಯ.

ಅಳತೆಗೆ ತರುವ ಸಾಧನವು ಎರಡು ಭಾಗದ್ದು. ಚೇಂಬರಿನ ಆಕಾರವನ್ನೇ ತಾಳಿ ಅದಕ್ಕಿಂತ ತುಸು ಕಿರಿದಾಗಿ ಒಳಗೊರೆದ ಉಕ್ಕಿನ ಡೈ ಒಂದು. ಕವಚದ ಬುಡವನ್ನು ಹಿಡಿದು ಅದನ್ನು ಡೈಯೊಳಕ್ಕೆ ಏರಿಸುವ, ಉದ್ದನೆಯ ಹಿಡಿಯುಳ್ಳ ಪ್ರೆಸ್ಸು ಇನ್ನೊಂದು. ಹಿಡಿಯನ್ನು ಕೆಳಗೊತ್ತಿದಾಗ ಕವಚವು ಡೈಯೊಳಗೆ ಏರಿ ಒಡಲು, ಹೆಗಲು, ಕತ್ತು ಮೂರೂ ಹಿಸುಕಲ್ಪಡುತ್ತವೆ. ಅದೇ ಏರಿಕೆಯಲ್ಲಿ ಡೈಯ ನಡುವಿನ ಸೂಜಿಯು ಸುಟ್ಟ ಕೇಪನ್ನು ಹೊರಗೆ ತಳ್ಳುತ್ತದೆ. ಹಿಡಿಯನ್ನು ಮೇಲೆತ್ತಿ ಕವಚವನ್ನು ಕೆಳಗೆಳೆಯುವಾಗ ಸೂಜಿಯ ಮೇಲಣ ಒಂದು ಉರುಟಾದ ಗುಬುಟು ಕತ್ತಿನ ಒಳಗಿನಿಂದ ಹಾದು, ಅತಿಯಾಗಿ ಕಿರಿದಾದ ಕತ್ತನ್ನು ಗುಂಡಿಗಿಂತ ಸುಮಾರು 0.05 ಮಿಲಿಮೀಟರು ಮಾತ್ರ ಕಿರಿದಾಗುವಷ್ಟು ಅಗಲಿಸುತ್ತದೆ. ಗುಂಡನ್ನು ಹಿಡಿದು ನಿಲ್ಲಿಸುವ ಬಿಗಿತವು ಈ ಕೂದಲೆಳೆಯ ಅಂತರದಿಂದಲೇ ಬರುತ್ತದೆ.

ಈ ಕೆಲಸದಲ್ಲಿ ಹೊಸಬರು ಮೊದಲು ತಪ್ಪುವುದು ಎಣ್ಣೆಯ ವಿಷಯದಲ್ಲಿ. ಒಣಗಿದ ಕವಚವನ್ನು ಡೈಗೆ ಏರಿಸಿದರೆ ಹಿತ್ತಾಳೆಯು ಉಕ್ಕನ್ನು ಕಚ್ಚಿ ಹಿಡಿಯುತ್ತದೆ. ಬಲವಂತವಾಗಿ ಎಳೆದರೆ ಬುಡದ ಅಂಚು ಹರಿದು ಕೈಗೆ ಬರುತ್ತದೆಯೇ ಹೊರತು ಕವಚವು ಬಾರದು. ಹಾಗೆಂದು ಧಾರಾಳವಾಗಿ ಸವರಿದರೂ ಕೆಡುಕೇ: ಹೆಗಲಿಗೂ ಡೈಗೂ ನಡುವೆ ಸಿಕ್ಕಿಬಿದ್ದ ಎಣ್ಣೆಗೆ ಹೋಗಲು ಎಡೆಯಿಲ್ಲದೆ ಅದು ಹಿತ್ತಾಳೆಯನ್ನೇ ಒಳಕ್ಕೆ ತಗ್ಗಿಸಿ ಗುಳಿ ಬೀಳಿಸುತ್ತದೆ. ಬೆರಳ ತುದಿಯ ಜಿಡ್ಡಿನಿಂದ ಒಡಲನ್ನು ಒಮ್ಮೆ ಹೊರಳಿಸಿದಷ್ಟು, ಕತ್ತಿನ ಒಳಗೆ ಕುಂಚದಿಂದ ಮುಟ್ಟಿಸಿದಷ್ಟು ಸಾಕು. ಕೆಲಸ ಮುಗಿದ ಮೇಲೆ ಅದನ್ನೂ ಒರೆಸಿಬಿಡತಕ್ಕದ್ದು, ಏಕೆಂದರೆ ಚೇಂಬರಿನ ಗೋಡೆಯನ್ನು ಕವಚವು ಹಿಡಿದು ನಿಲ್ಲಬೇಕಾದ ಕ್ಷಣದಲ್ಲಿ ಎಣ್ಣೆಯಿದ್ದರೆ ಜಾರಿ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮೇಲೆ ಹೊರೆಯನ್ನು ಹೆಚ್ಚಿಸುತ್ತದೆ.

ಎಷ್ಟು ಕಿರಿದುಗೊಳಿಸಬೇಕೆಂಬ ಪ್ರಶ್ನೆಗೆ ಅನುಭವಿಗಳಲ್ಲಿ ಏಕಾಭಿಪ್ರಾಯವಿಲ್ಲ. ಕತ್ತನ್ನು ಮಾತ್ರ ಬಿಗಿಗೊಳಿಸಿ ಒಡಲನ್ನು ಹಾಗೆಯೇ ಬಿಟ್ಟರೆ ಕವಚವು ಅದೇ ರೈಫಲಿನ ಚೇಂಬರಿಗೆ ಎರಕ ಹೊಯ್ದಂತೆ ಕೂಡುತ್ತದೆ, ಲೋಹವು ಕಡಿಮೆ ಬಳಲುತ್ತದೆ. ಆದರೆ ಕೆಲವು ಈಡುಗಳ ಬಳಿಕ ಅದು ಬಿಗಿಯಾಗಿ ಬೋಲ್ಟು ಮುಚ್ಚುವುದೇ ಕಷ್ಟವಾಗುತ್ತದೆ, ಬೇರೊಂದು ರೈಫಲಿಗಂತೂ ಸಲ್ಲದು. ಇಡೀ ಕವಚವನ್ನು ಕಿರಿದುಗೊಳಿಸಿದರೆ ಎಲ್ಲಿಯೂ ಸರಾಗವಾಗಿ ಕೂಡುತ್ತದೆ, ಆದರೆ ಪ್ರತಿಸಲವೂ ಹಿಗ್ಗಿ ಕುಗ್ಗಿ ಬೇಗ ಸವೆಯುತ್ತದೆ. ನನಗೆ ಸರಿಯೆಂದು ತೋರುವುದು ಇವೆರಡರ ನಡುವಿನ ಹಾದಿ: ಇಡೀ ಕವಚವನ್ನು ಡೈಗೆ ಏರಿಸುವುದು, ಆದರೆ ಹಾರಿದ ಕವಚದ ಹೆಗಲನ್ನು ಮೊದಲು ಅಳೆದುಕೊಂಡು ಅದನ್ನು 0.025ರಿಂದ 0.05 ಮಿಲಿಮೀಟರಿಗಿಂತ ಹೆಚ್ಚು ಹಿಂದಕ್ಕೆ ತಳ್ಳದಂತೆ ಡೈಯನ್ನು ನಿಲ್ಲಿಸುವುದು. ಇದಕ್ಕೆ ಒಳ್ಳೆಯ ವರ್ನಿಯರೂ ಹೆಗಲಿಗೆ ತಾಗುವ ಒಂದು ಅಳತೆಯ ಬಳೆಯೂ ಬೇಕು. ಕಣ್ಣಳತೆಯು ಇಲ್ಲಿ ಕೆಲಸಕ್ಕೆ ಬಾರದು.

ಹೆಗಲನ್ನು ಅತಿಯಾಗಿ ಹಿಂದೆ ತಳ್ಳುವುದರ ದೋಷವು .303 ರೈಫಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಭಾರತದ ಸೈನ್ಯದಲ್ಲಿಯೂ, ಅದರ ಬಳಿಕ ದೀರ್ಘಕಾಲ ನಮ್ಮ ಪೊಲೀಸರ ಹೆಗಲಿನಲ್ಲಿಯೂ ಇದ್ದ ಈ ಲೀ-ಎನ್‌ಫೀಲ್ಡಿನ ತೋಟೆಗೆ ಬುಡದಲ್ಲಿ ಚಾಚಿದ ಅಂಚುಂಟು. ಚೇಂಬರಿನಲ್ಲಿ ಅದನ್ನು ತಡೆದು ನಿಲ್ಲಿಸುವುದು ಆ ಅಂಚೇ ಹೊರತು ಹೆಗಲಲ್ಲ. ಕೆಸರು ಧೂಳುಗಳ ರಣರಂಗದಲ್ಲಿಯೂ ಸಿಕ್ಕಿಕೊಳ್ಳಬಾರದೆಂದು ಇದರ ಚೇಂಬರನ್ನು ಸಡಿಲವಾಗಿಯೇ ಕೊರೆಯುತ್ತಿದ್ದರು. ಆದುದರಿಂದ ಪ್ರತಿಯೊಂದು ಈಡಿಗೂ ಕವಚದ ಹೆಗಲು ದೂರ ಮುಂದೆ ಸರಿಯುತ್ತದೆ. ಡೈಯಲ್ಲಿ ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಮುಂದಿನ ಈಡಿಗೆ ಪುನಃ ಮುಂದೆ ಸರಿಯುತ್ತದೆ. ಈ ಎಳೆದಾಟದಲ್ಲಿ ಬುಡಕ್ಕೆ ಸ್ವಲ್ಪ ಮೇಲೆ ಗೋಡೆಯು ಒಳಗಿನಿಂದ ತೆಳ್ಳಗಾಗುತ್ತ ಬರುತ್ತದೆ. ಹೊರಗೆ ಅಲ್ಲಿ ಹೊಳೆಯುವ ಒಂದು ಉಂಗುರವು ಕಾಣಿಸಿದರೆ ಅದು ಎಚ್ಚರಿಕೆ. ತಂತಿಯ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಕವಚದ ಒಳಗೆ ಇಳಿಸಿ, ಬುಡದಿಂದ ಮೇಲಕ್ಕೆ ಗೋಡೆಯ ಗುಂಟ ಎಳೆದಾಗ ಒಂದು ಕಡೆ ಅದು ಸಣ್ಣ ಕಾಲುವೆಯಲ್ಲಿ ತಡೆದಂತೆ ಬೆರಳಿಗೆ ತಿಳಿದರೆ, ಆ ಕವಚವು ಮುಂದಿನ ಈಡಿಗೆ ಎರಡು ತುಂಡಾಗತಕ್ಕದ್ದೆಂದು ತಿಳಿಯಬೇಕು. ಕಣ್ಣಿಗೆ ಕಾಣದುದನ್ನು ಒಂದು ಕಾಸಿನ ತಂತಿಯು ತಿಳಿಸುವ ಈ ಪರೀಕ್ಷೆಯನ್ನು ಬಲ್ಲವರು ಬಿಟ್ಟದ್ದಿಲ್ಲ. ಹೀಗೆ ಹರಿದ ಲೋಹವು ಎಲ್ಲಿಗೂ ಹೋಗದೆ ಬಾಯಿಯ ಕಡೆಗೇ ಸರಿಯುವುದರಿಂದ ಕವಚವು ಉದ್ದವಾಗುತ್ತ ಹೋಗುತ್ತದೆ; .30-06ರ ಕವಚವು 63.35 ಮಿಲಿಮೀಟರನ್ನು ಮೀರಬಾರದು. ಮೀರಿದರೆ ಅದರ ಬಾಯಿಯು ಚೇಂಬರಿನ ಮುಂತುದಿಗೆ ಒತ್ತಿ ಗುಂಡನ್ನು ಹಿಸುಕಿ ಹಿಡಿದು, ಒತ್ತಡವು ಅಪಾಯದ ಮಟ್ಟಕ್ಕೆ ಏರುತ್ತದೆ. ಆದುದರಿಂದ ಅಳತೆಗೆ ತಂದ ಮೇಲೆ ಉದ್ದವನ್ನು ನೋಡಿ ಬಾಯಿಯನ್ನು ಸವರಿಬಿಡುವರು.

ಕತ್ತಿನ ವ್ಯಾಧಿಯು ಬೇರೆ. ಹಿಗ್ಗಿ ಕುಗ್ಗಿದಷ್ಟೂ ಹಿತ್ತಾಳೆಯು ಗಡಸಾಗುತ್ತದೆ, ಗಡಸಾದಷ್ಟೂ ಡೈಯಿಂದ ಹೊರಬಂದೊಡನೆ ಹೆಚ್ಚು ಹಿಂದೆ ಸರಿಯುತ್ತದೆ, ಕೊನೆಗೆ ಸೀಳುತ್ತದೆ. ಇದಕ್ಕೆ ಚಿಕಿತ್ಸೆಯು ಕಂಚುಗಾರರ ಕುಲುಮೆಯಷ್ಟೇ ಹಳೆಯದು. ತಾಮ್ರದ ಹಂಡೆಯನ್ನೋ ಹಿತ್ತಾಳೆಯ ಕೊಡವನ್ನೋ ಬಡಿಯುವವನು, ಸುತ್ತಿಗೆಯ ಏಟಿಗೆ ತಗಡು ಕಲ್ಲಿನಂತೆ ದನಿಗೊಡತೊಡಗಿದೊಡನೆ ಬಡಿಯುವುದನ್ನು ನಿಲ್ಲಿಸಿ ಅದನ್ನು ಬೆಂಕಿಗಿಟ್ಟು ಹದಗಾಯಿಸುತ್ತಾನೆ, ಮತ್ತೆ ಬಡಿಯುತ್ತಾನೆ. ಕವಚದ ಕತ್ತಿಗೂ ಇದೇ ಉಪಚಾರ. ಹಳೆಯ ಕ್ರಮದಲ್ಲಿ ಕವಚಗಳನ್ನು ತಟ್ಟೆಯ ನೀರಿನಲ್ಲಿ ಅರ್ಧದವರೆಗೆ ಮುಳುಗುವಂತೆ ನಿಲ್ಲಿಸಿ, ಮೇಲೆ ಕಂಡ ಕತ್ತನ್ನು ಜ್ವಾಲೆಯಿಂದ ಕಾಯಿಸಿ, ಬಣ್ಣ ತಿರುಗಿದೊಡನೆ ನೀರಿಗೆ ಉರುಳಿಸುವರು. ಬಿಸಿಯಾಗಿರುವಾಗ ನೀರಿಗದ್ದಿದರೆ ಉಕ್ಕಿನಂತೆ ಹಿತ್ತಾಳೆಯೂ ಗಡಸಾಗುವುದೆಂಬುದು ತಪ್ಪುಗ್ರಹಿಕೆ. ಹಿತ್ತಾಳೆಯನ್ನು ಮೃದುವಾಗಿಸುವುದು ಕಾಯಿಸಿದ್ದು, ನೀರು ಬಿಸಿಯು ಬುಡಕ್ಕೆ ಇಳಿಯದಂತೆ ಕಾಯುವುದಕ್ಕೆ ಮಾತ್ರ. ಬುಡವನ್ನು ಎಂದಿಗೂ ಕಾಯಿಸಬಾರದು: ಮೃದುವಾದ ಬುಡವು ಆ ಒತ್ತಡವನ್ನು ತಡೆಯಲಾರದೆ ಹಾರಿಸುವವನ ಮುಖದ ಬಳಿಯಲ್ಲಿಯೇ ಒಡೆದೀತು.

ಇದಿಷ್ಟನ್ನು ತಿಳಿಸಿದ ಮೇಲೆ ನಮ್ಮ ದೇಶದ ಕಾನೂನನ್ನು ಹೇಳದೆ ಬಿಡುವುದು ಯುಕ್ತವಲ್ಲ. 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧವನ್ನು ಇಟ್ಟುಕೊಳ್ಳಲು ಒಂದು ಪರವಾನಗಿ, ಮದ್ದುಗುಂಡನ್ನು ತಯಾರಿಸಲು ಇನ್ನೊಂದು. ಮೊದಲಿನದು ಇದ್ದವನಿಗೆ ಎರಡನೆಯದು ತಾನಾಗಿ ಬರುವುದಿಲ್ಲ. ಅಡಿಕೆ ತೆಂಗುಗಳ ತೋಟವನ್ನು ಕಾಡುಹಂದಿ ಮಂಗಗಳಿಂದ ಕಾಯಲೆಂದು ಪರವಾನಗಿ ಪಡೆದು, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಮರಳಿ ತರುವ ದಕ್ಷಿಣ ಕನ್ನಡದ ಕೃಷಿಕನು ಮನೆಯಲ್ಲಿ ಕುಳಿತು ತೋಟೆ ತುಂಬುವಂತಿಲ್ಲ. 1861ರ ಕಾಲದಿಂದ ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ನಡೆದುಬಂದಿರುವ, 2029ರವರೆಗೆ ಮುಂದುವರಿದಿರುವ ಪರವಾನಗಿಯ ವಿನಾಯಿತಿಯೂ ಕೋವಿಯನ್ನು ಹೊಂದುವುದಕ್ಕೆ ಮಾತ್ರ ಸಂಬಂಧಿಸಿದ್ದು. .303 ಸೈನ್ಯದ ಅಳತೆಯಾದುದರಿಂದ ಅದು ಸಾಮಾನ್ಯ ನಾಗರಿಕನಿಗೆ ನಿಷಿದ್ಧ. ಅದಕ್ಕೆ ಬದಲಾಗಿ ಬಂದುದೇ .315 ಎಂಬ ಭಾರತೀಯ ಬೇಟೆಯ ರೈಫಲು.

ಅಳತೆಗೆ ತಂದ ಕವಚದ ಆಯುಸ್ಸು ಅದನ್ನು ಒತ್ತಿದ ಕೈಯನ್ನು ಮಾತ್ರ ಅವಲಂಬಿಸಿಲ್ಲ, ಅದನ್ನಿಟ್ಟ ಗಾಳಿಯನ್ನೂ ಅವಲಂಬಿಸಿದೆ. ಈ ಪಾಠವನ್ನು ಜಗತ್ತು ಕಲಿತುದು ಭಾರತದಲ್ಲಿ, ಮಳೆಗಾಲದಲ್ಲಿ. ಬ್ರಿಟಿಷ್ ಸೈನ್ಯದ ತೋಟೆಗಳನ್ನು ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಕೂಡಿಟ್ಟು ಬೇಸಿಗೆ ಬಂದ ಮೇಲೆ ತೆಗೆದಾಗ, ಒಮ್ಮೆಯೂ ಹಾರಿಸದ ಕವಚಗಳ ಕತ್ತಿನಲ್ಲಿ ಉದ್ದುದ್ದ ಸೀಳು ಬಿಟ್ಟಿರುತ್ತಿತ್ತು. ಋತುವಿಗೆ ತಕ್ಕಂತೆ ಕಾಣಿಸಿಕೊಂಡುದರಿಂದ ಅದಕ್ಕೆ ಋತುವಿನ ಸೀಳೆಂದೇ ಹೆಸರಾಯಿತು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಸಂಶೋಧಕರು ಇದರ ಕಾರಣವನ್ನು ವಿವರಿಸಿದರು: ಕುದುರೆಗಳ ಮೂತ್ರದಿಂದ ಏಳುವ ಅಮೋನಿಯವು ತೇವದೊಡನೆ ಕೂಡಿ, ತಣ್ಣಗಿರುವಾಗಲೇ ಎಳೆದು ಒತ್ತಿದ ಹಿತ್ತಾಳೆಯಲ್ಲಿ ಅಡಗಿರುವ ಬಿಗುಪಿನ ಜಾಡು ಹಿಡಿದು ಲೋಹವನ್ನು ಕಣಕಣಗಳ ನಡುವೆ ಸೀಳುತ್ತದೆ. ಬಿಗುಪು ಮಾತ್ರವಿದ್ದು ಅಮೋನಿಯವಿಲ್ಲದಿದ್ದರೆ ಕವಚವು ಉಳಿಯುತ್ತದೆ, ಅಮೋನಿಯವು ಮಾತ್ರವಿದ್ದು ಬಿಗುಪಿಲ್ಲದಿದ್ದರೆ ಬಣ್ಣಗೆಡುತ್ತದೆ; ಎರಡೂ ಕೂಡಿದಾಗ ಸೀಳುತ್ತದೆ. ಡೈಯಲ್ಲಿ ಒತ್ತಿದ ಪ್ರತಿಯೊಂದು ಕವಚವೂ, ಅದರಲ್ಲಿಯೂ ಗುಂಡನ್ನು ಹಿಡಿದು ಸೆಟೆದು ನಿಂತಿರುವ ಅದರ ಕತ್ತು, ಈ ಬಿಗುಪನ್ನು ಹೊತ್ತೇ ಇರುತ್ತದೆ. ಅಳತೆಯು ಮೊದಲಿನದಾದರೂ ಲೋಹವು ಮೊದಲಿನದಲ್ಲವೆಂಬುದು ಇದರಿಂದ ಸಿದ್ಧ.

ತೇವ, ಅಮೋನಿಯ ಎಂಬ ಈ ಎರಡು ಶತ್ರುಗಳನ್ನು ಒಂದೇ ಎಡೆಯಲ್ಲಿ ಕಲ್ಪಿಸಿಕೊಳ್ಳಲು ಮಂಗಳೂರಿನ ಉತ್ತರಕ್ಕಿರುವ ಪಣಂಬೂರಿಗಿಂತ ಉಚಿತವಾದ ಸ್ಥಳವನ್ನು ನಾನು ಅರಿಯೆ. ನಂದನೇಶ್ವರ ದೇವಾಲಯದ ಈ ಊರು ಸಮುದ್ರಕ್ಕೆ ಅಂಟಿಕೊಂಡಿದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕ ಮಳೆ, ಉಳಿದ ದಿನಗಳಲ್ಲಿ ಉಪ್ಪು ಬೆರೆತ ಗಾಳಿ. 1974ರ ಮೇ 4ರಂದು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿತವಾದ ನವಮಂಗಳೂರು ಬಂದರು ಇಲ್ಲಿಯದು. 1976ರಿಂದ ರಾಸಾಯನಿಕ ಗೊಬ್ಬರವನ್ನು ಉತ್ಪಾದಿಸುತ್ತಿರುವ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯೂ ಇಲ್ಲಿಯದೇ. ಗಾಳಿಯ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯವನ್ನು ಮಾಡಿ, ಅದರಿಂದ ಯೂರಿಯಾವನ್ನು ಮಾಡುವ ಇಂಥ ಕಾರ್ಖಾನೆಗಳಲ್ಲಿ, ಅಮೋನಿಯವು ಮುಟ್ಟುವ ಕೊಳವೆ, ಕವಾಟ, ಮಾಪಕಗಳಲ್ಲಿ ಒಂದನ್ನೂ ಹಿತ್ತಾಳೆಯಲ್ಲಿ ಮಾಡುವುದಿಲ್ಲ, ಉಕ್ಕಿನಲ್ಲಿಯೇ ಮಾಡುವುದು ನಿಯಮ. ಕುದುರೆಲಾಯದ ತೋಟೆಗಳು ಕಲಿಸಿದುದನ್ನೇ ಈ ನಿಯಮವು ಪಾಲಿಸುತ್ತದೆ. ಅಮೋನಿಯವು ಕೊಳವೆಯೊಳಗೇ ಇದ್ದು ಹೊರಗಾಳಿಗೆ ಬಾರದಿರುವವರೆಗೆ ಊರಿನ ಹಿತ್ತಾಳೆಯ ದೀಪದ ಕಂಬಗಳಿಗೂ ತಂಬಿಗೆಗಳಿಗೂ ಭಯವಿಲ್ಲ. ಆದರೆ ಬಂದರನ್ನು ಕಾಯುವ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರೂ, ಇದೇ ಊರಿನಲ್ಲಿ ನೆಲೆಯುಳ್ಳ ಕರಾವಳಿ ರಕ್ಷಣಾ ಪಡೆಯವರೂ ತಮ್ಮ ತೋಟೆಗಳನ್ನು ಇಡಬೇಕಾದುದು ಈ ಉಪ್ಪುಗಾಳಿಯ ನಡುವೆಯೇ. ಕರಾವಳಿಯಲ್ಲಿ ಮದ್ದುಗುಂಡಿನ ಪೆಟ್ಟಿಗೆಗೆ ರಬ್ಬರಿನ ಅಂಚಿನ ಮುಚ್ಚಳವು ಅಲಂಕಾರಕ್ಕಲ್ಲ. ಹಟ್ಟಿ, ಗೊಬ್ಬರದ ಗುಂಡಿ, ಯೂರಿಯಾದ ಚೀಲ ಇವುಗಳ ಪಕ್ಕದ ಕೋಣೆಯಲ್ಲಿ ಹಿತ್ತಾಳೆಯ ತೋಟೆಯನ್ನು ಇಡಕೂಡದೆಂಬುದು ಕೃಷಿಕನೂ ನೆನಪಿಡತಕ್ಕ ಮಾತು.

ತೊಳೆಯುವ ವಿಷಯದಲ್ಲಿ ನಮ್ಮ ಮನೆಗಳ ಪದ್ಧತಿಯೇ ನಿರಪಾಯವಾದದ್ದು. ಹುಣಸೆಹಣ್ಣಿನಿಂದಲೂ ಬಿಂಬುಳಿಯಿಂದಲೂ ತಿಕ್ಕಿದ ಕಾಲುದೀಪವು ಬೆಳಗುವುದು ಅವುಗಳ ಹುಳಿಯು ಮೇಲಿನ ಕಿಲುಬನ್ನು ಕರಗಿಸುವುದರಿಂದ. ತೋಟೆ ತುಂಬುವವರು ಹೊರದೇಶಗಳಲ್ಲಿ ನಿಂಬೆಯ ಹುಳಿಯ ನೀರನ್ನು ಬಳಸುವುದೂ ಇದೇ ಕಾರಣಕ್ಕೆ. ಬಹಳ ಹೊತ್ತು ನೆನೆಯಿಟ್ಟರೆ ಮಾತ್ರ ಸತುವು ಕರಗಿ ಹೋಗಿ ಹಿತ್ತಾಳೆಯು ತಾಮ್ರದಂತೆ ಕೆಂಪಾಗುತ್ತದೆ, ಅಂಥದು ಬಲಗುಂದಿದ್ದು. ಅಂಗಡಿಯಲ್ಲಿ ದೊರೆಯುವ ಲೋಹದ ಪಾಲಿಷುಗಳಲ್ಲಿ ಅಮೋನಿಯ ಬೆರೆತವೂ ಉಂಟು; ಅಂಥವು ದೀಪಕ್ಕೆ ಹೊಳಪು ಕೊಟ್ಟರೂ ತೋಟೆಗೆ ಮೃತ್ಯು.

ತೊಳೆದು ಒಣಗಿಸಿದ ಕವಚಗಳನ್ನು ಡೈಗೆ ಏರಿಸುವ ಮೊದಲು ಒಂದೊಂದನ್ನೂ ಬೆಳಕಿಗೆ ಹಿಡಿದು, ಕತ್ತಿನ ಸುತ್ತ ಉಗುರನ್ನು ಹಾಯಿಸಿ ನೋಡುವುದು ರೂಢಿ. ಕೂದಲೆಳೆಯಷ್ಟು ಸೀಳು ಉಗುರಿಗೆ ತಾಗಿದರೂ, ಅದು ಒಮ್ಮೆ ಮಾತ್ರ ಹಾರಿದ ಕವಚವಾದರೂ, ಇಕ್ಕಳದಿಂದ ಅದರ ಬಾಯಿಯನ್ನು ಜಜ್ಜಿ ಮುಚ್ಚಿ, ಲೆಕ್ಕಕ್ಕೆ ಹಚ್ಚಿ, ಗುಜರಿಯ ಹಿತ್ತಾಳೆಗೆ ಸೇರಿಸತಕ್ಕದ್ದು.